ಡಬ್ಬದೊಳಗಿನ ಹಿತ್ತಲು

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬರಿಂದ ಮೊದಲುಗೊಂಡು ಮೈಸೂರಿನ ಒಡೆಯರವರೆಗೆ ನಾಡನ್ನಾಳಿದ ಅರಸರ ಕೀರ್ತಿಯನ್ನೂ, ಹರಿದು ಹಂಚಿಹೋಗಿದ್ದ ಕನ್ನಡನಾಡು 1956ರ ನವೆಂಬರ್ 1ರಂದು ಒಂದುಗೂಡಿದ ಕಥೆಯನ್ನೂ, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದ ಸಂಭ್ರಮವನ್ನೂ ಬರೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಯಾವ ಶಾಸನದಲ್ಲಿಯೂ ಕೆತ್ತಿಸದ, ಯಾವ ದಫ್ತರದಲ್ಲಿಯೂ ದಾಖಲಾಗದ ಇನ್ನೊಂದು ಚರಿತ್ರೆಯುಂಟು. ಅದು ನಮ್ಮ ಘಾಟ್ಕೋಪರಿನ ಚಾಳುಗಳ ಗ್ಯಾಲರಿಯಲ್ಲಿ, ಕಿಟಕಿಯ ಸರಳುಗಳ ನಡುವೆ, ಹಳೆಯ ಎಣ್ಣೆಡಬ್ಬದ ಮಣ್ಣಿನಲ್ಲಿ ಬೇರೂರಿ ನಿಂತಿದೆ. ಸೊಪ್ಪು ಬಿಡಿಸಿ ಉಳಿದ ದಂಟು, ಮೊಳಕೆಯೊಡೆದ ಶುಂಠಿಯ ತುಂಡು, ಮೆತ್ತಗಾದ ಟೊಮೆಟೊದ ಬೀಜ, ಇಂಥ ಅಡಿಗೆಮನೆಯ ಉಳಿಕೆಗಳಿಂದ ನಮ್ಮ ತಾಯಂದಿರು ಬೆಳೆಸಿದ ಗಿಡಗಳ ಚರಿತ್ರೆಯದು. ಈ ಸಲ ಅದನ್ನೇ ನಾಲ್ಕು ಮಾತುಗಳಲ್ಲಿ ಹೇಳಬೇಕೆಂದು ಹೊರಟಿದ್ದೇವೆ. ವಿಷಯ ಸಣ್ಣದೆಂದು ವಾಚಕರು ಪುಟ ಮಗುಚದಿರಲಿ.

ಊರಿನಲ್ಲಿ ಇದಕ್ಕೆ ಹಿತ್ತಲೆಂಬ ಹೆಸರಿತ್ತು. ಕರಾವಳಿಯ ಮನೆಯಾದರೆ ಬಚ್ಚಲ ನೀರು ಹರಿದುಹೋಗುವ ಕಡೆಗೆ ಬಾಳೆಯ ಬುಡ, ಅದರಾಚೆ ಕೆಸು, ಬಾವಿಕಟ್ಟೆಯ ಬಳಿ ಬಸಳೆಯ ಚಪ್ಪರ. ಬಯಲುಸೀಮೆಯ ಮನೆಯಾದರೆ ಬೇಲಿಗೆ ಹಬ್ಬಿದ ಹೀರೆ, ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳ, ಮೂಲೆಯಲ್ಲಿ ಒಂದು ಕರಿಬೇವು. ಇವುಗಳನ್ನು ಯಾರೂ ಬೀಜದಂಗಡಿಗೆ ಹೋಗಿ ತಂದುದಲ್ಲ. ಸಾರಿಗೆ ಬಿದ್ದುದರಲ್ಲಿ ಮಿಕ್ಕುದು ಮಣ್ಣಿಗೆ ಬಿತ್ತು, ಮಣ್ಣಿಗೆ ಬಿದ್ದುದು ಮತ್ತೆ ಸಾರಿಗೆ ಬಂತು. ಅಡಿಗೆಮನೆಗೂ ಹಿತ್ತಲಿಗೂ ನಡುವೆ ಒಂದೇ ಬಾಗಿಲು. ಕಸವೆಂಬ ಮಾತಿಗೆ ಆ ಬಾಗಿಲಿನ ಎರಡು ಕಡೆಯಲ್ಲಿಯೂ ಹೆಚ್ಚಿನ ಅರ್ಥವಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ ಕಟ್ಟಿದ ಜನವೇ ಕೆಮ್ಮು ಬಂದ ಕೂಡಲೆ ದೊಡ್ಡಪತ್ರೆಯ ಎಲೆಗಾಗಿ ಆ ಹಿತ್ತಲಿಗೇ ಓಡುತ್ತಿದ್ದರು.

ಈ ವಿದ್ಯೆ ನಮ್ಮಲ್ಲಿ ಇಂದಿನದಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ'ವೆಂಬ ಗ್ರಂಥವನ್ನು ಬರೆದನು. ಹೆಸರಿಗೆ ತಕ್ಕಂತೆ ಲೋಕದ ಜನಕ್ಕೆ ಬೇಕಾದ ಸಂಗತಿಗಳನ್ನೆಲ್ಲ ಅದರಲ್ಲಿ ತುಂಬಿದ್ದಾನೆ. ನೀರಿನ ಸೆಲೆ ಕಂಡುಹಿಡಿಯುವುದು, ಮನೆ ಕಟ್ಟುವುದು, ಔಷಧ, ಸುಗಂಧ ಎಲ್ಲವೂ ಅಲ್ಲುಂಟು. ಅದರಲ್ಲಿ ಗಿಡಮರಗಳ ಪೋಷಣೆಯನ್ನು ಹೇಳುವ ವೃಕ್ಷಾಯುರ್ವೇದವೂ ಇದೆ, ಅಡಿಗೆಯನ್ನು ಹೇಳುವ ಸೂಪಶಾಸ್ತ್ರವೂ ಇದೆ. ಒಲೆಯನ್ನೂ ತೋಟವನ್ನೂ ಒಂದೇ ಹೊತ್ತಗೆಯಲ್ಲಿ ಕೂರಿಸಿದ ಆ ಕವಿಯ ವಿವೇಕವನ್ನು ನಾವು ಮೆಚ್ಚಬೇಕು. ಮುಂದೆ ಸುಮಾರು 1508ರಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂದೇ ಬೇರೊಂದು ಕೃತಿಯನ್ನು ಕನ್ನಡದಲ್ಲಿ ರಚಿಸಿದನು. ಬದನೆ, ಬಾಳೆ, ಹಲಸುಗಳ ಪಾಕ ಅದರಲ್ಲಿ ಬರುತ್ತದೆ. ಆದರೆ ನಮ್ಮ ಇಂದಿನ ಅಡಿಗೆಮನೆಯ ಮುಖ್ಯ ಸಾಮಗ್ರಿಗಳಾದ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳನ್ನು ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವು ಆಗಿನ್ನೂ ಸಮುದ್ರದಾಚೆ ಅಮೆರಿಕಾ ಖಂಡದಲ್ಲಿದ್ದವು.

ಅವು ಬಂದ ಬಗೆ ನಮ್ಮಂಥ ವಲಸೆಗಾರರಿಗೆ ತಿಳಿದಿರತಕ್ಕ ಕಥೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಆ ಬಳಿಕ ಅವರ ಹಡಗುಗಳ ಹಾದಿಯಲ್ಲಿ ಮೆಣಸಿನಕಾಯಿ, ಗೆಣಸು, ಅನಾನಸು, ಪಪ್ಪಾಯಿ, ಗೇರು, ಪೇರಳೆಗಳು ಒಂದೊಂದಾಗಿ ನಮ್ಮ ಪಶ್ಚಿಮ ತೀರಕ್ಕೆ ಇಳಿದವು. ಆಲೂಗಡ್ಡೆ ಟೊಮೆಟೊಗಳು ನಮ್ಮ ಮನೆಮನೆಗೆ ಬಂದುದು ಇನ್ನೂ ತಡವಾಗಿ. ಕನ್ನಡವು ಈ ಅತಿಥಿಗಳನ್ನು ತನ್ನದೇ ರೀತಿಯಲ್ಲಿ ಬರಮಾಡಿಕೊಂಡಿತು. ಖಾರಕ್ಕೆ ಮೊದಲಿನಿಂದ ಮೆಣಸಿತ್ತು. ಹೊಸದಾಗಿ ಬಂದ ಖಾರದ ಕಾಯಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟರು. ಕೊನೆಗೆ ಹಳೆಯ ಮೆಣಸೇ ತನ್ನನ್ನು ಗುರುತಿಸಿಕೊಳ್ಳಲು ಕಾಳುಮೆಣಸೆಂದೋ ಒಳ್ಳೆಮೆಣಸೆಂದೋ ಹೇಳಿಕೊಳ್ಳಬೇಕಾಯಿತು. ಫರಂಗಿಯವರು ತಂದ ಪಪ್ಪಾಯಿ ಪರಂಗಿ ಹಣ್ಣಾಯಿತು. ಟೊಮೆಟೊವನ್ನು ಕೆಲವೆಡೆ ಚಪ್ಪರಬದನೆಯೆಂದರು. ಇಂದು ಇವಿಲ್ಲದ ಕನ್ನಡದ ಅಡಿಗೆಯನ್ನು ಊಹಿಸುವುದೇ ಕಷ್ಟ. ಪರಸ್ಥಳದಿಂದ ಬಂದುದು ಬೇರೂರಿ ನೆಲದ್ದೇ ಆಗುವುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಸೀಮೆಬದನೆಯ ಕಥೆಯನ್ನಂತೂ ಹೇಳಲೇಬೇಕು. ಹೈದರಾಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಾನ್ ಕ್ಯಾಮೆರಾನ್ ಎಂಬವರು ಸೂಪರಿಂಟೆಂಡೆಂಟರಾಗಿದ್ದರು. ಅಲ್ಲಿನ ಗಾಜಿನ ಮನೆ 1889ರಲ್ಲಿ ಮೇಲೆದ್ದುದು ಅವರ ಕಾಲದಲ್ಲಿಯೇ. ಮೆಕ್ಸಿಕೋ ದೇಶದ ಸೀಮೆಬದನೆಯನ್ನು ಮೈಸೂರು ಸೀಮೆಗೆ ಪರಿಚಯ ಮಾಡಿಸಿದವರೂ ಅವರೇ. ಈ ಕಾಯಿಯ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಡಲು ಬರುವುದಿಲ್ಲ. ಕಾಯಿಯ ಹೊಟ್ಟೆಯಲ್ಲಿರುವ ಒಂದೇ ಒಂದು ಬೀಜ ಅಲ್ಲಿಯೇ ಮೊಳೆತು ಬಾಯಿ ತೆರೆದು ಹೊರಗೆ ಬರುತ್ತದೆ. ಆದುದರಿಂದ ಇಡೀ ಕಾಯಿಯನ್ನೇ ನೆಡಬೇಕು. ಮಾರ್ಕೆಟ್ಟಿನಿಂದ ತಂದು ಮರೆತ ಸೀಮೆಬದನೆ ಬುಟ್ಟಿಯ ಮೂಲೆಯಲ್ಲಿ ಚಿಗುರಿದುದನ್ನು ಕಂಡ ಗೃಹಿಣಿಗೆ ಅದೇ ಬೀಜವೂ ಹೌದು, ಪಾಠವೂ ಹೌದು.

ಇನ್ನು ನಮ್ಮ ಊರಿಗೆ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋದಾಗ ಅದು ಘಾಟ್ಕೋಪರಿನ ನೆಲವನ್ನು ಹಾದೇ ಹೋಯಿತು. ಆಗ ಇಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಉಪ್ಪಿನ ಗದ್ದೆಗಳು. 1896ರಲ್ಲಿ ಮುಂಬಯಿಯನ್ನು ಪ್ಲೇಗು ಹೊಕ್ಕು ಸಾವಿರಾರು ಜನ ಸತ್ತ ಮೇಲೆ, 1898ರಲ್ಲಿ ನಗರ ಸುಧಾರಣೆಯ ಟ್ರಸ್ಟು ಸ್ಥಾಪಿತವಾಗಿ, ಇಕ್ಕಟ್ಟಾದ ಓಣಿಗಳನ್ನು ಒಡೆದು ಗಾಳಿ ಬೆಳಕಿನ ವಸತಿಗಳನ್ನು ಕಟ್ಟುವ ಕೆಲಸ ಮೊದಲಾಯಿತು. ಕ್ರಮೇಣ ನಗರ ಉತ್ತರಕ್ಕೆ ಸರಿಯಿತು. 1950ರಲ್ಲಿ ಬೃಹನ್ಮುಂಬಯಿಯ ಎಲ್ಲೆ ವಿಸ್ತಾರವಾದಾಗ ಘಾಟ್ಕೋಪರ್ ಮಹಾನಗರದೊಳಗೆ ಸೇರಿತು. ಪಂತ್ ನಗರದಂಥ ಕಾಲೊನಿಗಳು ಎದ್ದವು, ಅಸಲ್ಫಾದ ಗುಡ್ಡದ ಮೇಲೆ ಮನೆಗಳು ಏರಿದವು. ಹೋಟೆಲಿನ ಕೆಲಸಕ್ಕೆಂದು, ಗಿರಣಿಗೆಂದು, ವಿಕ್ರೋಳಿಯ ಕಾರಖಾನೆಗಳಿಗೆಂದು, ಕಚೇರಿಯ ಗುಮಾಸ್ತಿಕೆಗೆಂದು ನಮ್ಮವರು ಕರಾವಳಿಯಿಂದ ಹಡಗಿನಲ್ಲಿ, ವಿಜಾಪುರ ಗುಲ್ಬರ್ಗದ ಕಡೆಯಿಂದ ರೈಲಿನಲ್ಲಿ ಬಂದಿಳಿದರು. ಗಂಡಸರು ಮೊದಲು ಬಂದರು, ಹೆಂಗಸರು ಬಳಿಕ ಬಂದರು. ಹಿತ್ತಲು ಬಂದುದು ಹೆಂಗಸರ ಜತೆಯಲ್ಲಿ.

ಬಂದುದಾದರೂ ಹೇಗೆ? ಗಂಟಿನ ಮೂಲೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ಎರಡು ದಂಟಾಗಿ. ಕೆಸುವಿನ ಒಂದು ಗಡ್ಡೆಯಾಗಿ. ಸೀರೆಯ ಸೆರಗಿಗೆ ಕಟ್ಟಿದ ಹರಿವೆಯ ಬೀಜವಾಗಿ. ತಾರದ ವಸ್ತುಗಳನ್ನು ಮಾಟುಂಗದ ಮಾರ್ಕೆಟ್ಟು ಒದಗಿಸಿತು. ದಕ್ಷಿಣದವರು ಹೆಚ್ಚಾಗಿ ನೆಲೆಸಿದ್ದ ಆ ಭಾಗದಲ್ಲಿ ನಮ್ಮ ಸೊಪ್ಪು ತರಕಾರಿ, ಬಾಳೆಯೆಲೆ, ಕರಿಬೇವುಗಳು ಸಿಕ್ಕುತ್ತಿದ್ದವು, ಈಗಲೂ ಸಿಕ್ಕುತ್ತವೆ. ತಂದ ಸೊಪ್ಪಿನ ಎಲೆಯೆಲ್ಲ ಹುಳಿಗೆ ಹೋದರೆ ದಂಟು ಡಬ್ಬಕ್ಕೆ ಹೋಗುತ್ತಿತ್ತು. ಇದೇ ಭಾಗದಲ್ಲಿ 1926ರಷ್ಟು ಹಿಂದೆ ಮೈಸೂರು ಅಸೋಸಿಯೇಷನ್ ಹುಟ್ಟಿತು. ಇಂಥ ಸಂಸ್ಥೆಗಳು ಆಡಿದ ನಾಟಕ, ನಡೆಸಿದ ಸಭೆಗಳ ವರದಿಗಳು ಉಳಿದಿವೆ. ದಂಟು ನೆಟ್ಟವರ ವರದಿಯನ್ನು ಬರೆದವರಿಲ್ಲ.

ಡಬ್ಬದ ಮಾತು ಬಂತು. 1937ರಲ್ಲಿ ಡಾಲ್ಡಾ ವನಸ್ಪತಿ ಪೇಟೆಗೆ ಬಂದಿತು. ತುಪ್ಪದ ಬದಲಿಗೆ ಅದನ್ನು ಬಳಸುವುದು ಸರಿಯೇ ಎಂದು ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆದರೆ ಅದರ ಹಳದಿ ಡಬ್ಬದ ವಿಷಯದಲ್ಲಿ ಮಾತ್ರ ಯಾವ ಮನೆಯಲ್ಲಿಯೂ ಭಿನ್ನಾಭಿಪ್ರಾಯವಿರಲಿಲ್ಲ. ಒಳಗಿನದು ಮುಗಿದ ಮೇಲೆ ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದರೆ ಕುಂಡ ಸಿದ್ಧ. ಡಬ್ಬದ ಮೈಮೇಲೆ ಬಣ್ಣದ ತಾಳೆಮರ, ಬಾಯಲ್ಲಿ ಜೀವಂತ ತುಳಸಿ. ನಮ್ಮ ಬಾಲ್ಯದಲ್ಲಿ ಗ್ಯಾಲರಿಯೆಂದರೆ ಇಂಥ ಡಬ್ಬಗಳ ಸಾಲು. ತುಳಸಿಗೆ ಮೊದಲ ಸ್ಥಾನ, ಅದರ ಬದಿಗೆ ದೊಡ್ಡಪತ್ರೆ, ಆಮೇಲೆ ಪುದೀನ, ಮೂಲೆಯ ದೊಡ್ಡ ಎಣ್ಣೆಡಬ್ಬದಿಂದ ಹಗ್ಗ ಹಿಡಿದು ಮೇಲಕ್ಕೇರಿದ ಬಸಳೆ.

ನೀರಿನ ಸಂಗತಿ ಇನ್ನೊಂದು. ನಸುಕಿನಲ್ಲಿ ನಳಕ್ಕೆ ನೀರು ಬಂದಾಗ ಬಾಲ್ದಿಯ ಸಾಲು ಹಚ್ಚಿ ಹಿಡಿದ ನೀರದು. ಗಿಡಕ್ಕೆಂದು ಒಂದು ತಂಬಿಗೆ ಚೆಲ್ಲಿದರೂ ಮಾವಂದಿರ ಕಣ್ಣು ಕೆಂಪಾಗುತ್ತಿತ್ತು. ಆದುದರಿಂದ ಅಕ್ಕಿ ತೊಳೆದ ಅಕ್ಕಚ್ಚು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು, ಇಷ್ಟೇ ಗಿಡಗಳ ಪಾಲು. ಅವು ಅದರಲ್ಲಿಯೇ ಬೆಳೆದವು. ಒಂದೇ ನೀರು ಮೊದಲು ಮನುಷ್ಯನಿಗೆ, ಆಮೇಲೆ ಗಿಡಕ್ಕೆ ಎಂಬ ಊರಿನ ಬಚ್ಚಲ ನ್ಯಾಯ ಮೂರನೆಯ ಮಾಳಿಗೆಯಲ್ಲಿಯೂ ನಡೆಯಿತು.

ಘಾಟ್ಕೋಪರಿನಲ್ಲಿ ಒಂದು ವಿಶೇಷವುಂಟು. ಇಲ್ಲಿ ಮರಾಠಿಯವರೂ ಗುಜರಾತಿಯವರೂ ನಾವೂ ಒಂದೇ ಗ್ಯಾಲರಿಯನ್ನು ಹಂಚಿಕೊಂಡವರು. ನಮ್ಮ ತಾಯಿ ಬಸಳೆಯೆಂದು ನೆಟ್ಟುದನ್ನು ನೋಡಿ ಎಡಮನೆಯ ಮರಾಠಿ ಕಾಕು "ಇದು ನಮ್ಮ ಮಾಯಾಳು" ಎಂದರು. ಬಲಮನೆಯ ಗುಜರಾತಿ ಬೆನ್ "ಇದು ಪೋಯ್ ಅಲ್ಲವೆ, ಭಜಿ ಬಲು ಚೆನ್ನಾಗಿ ಆಗುತ್ತದೆ" ಎಂದರು. ಕೆಸುವಿನೆಲೆಯ ಕಥೆಯೂ ಅದೇ. ಅದಕ್ಕೆ ಹಿಟ್ಟು ಬಳಿದು ಸುರುಳಿ ಸುತ್ತಿ ಬೇಯಿಸಿದುದು ನಮಗೆ ಪತ್ರೊಡೆ, ಮರಾಠಿಯವರಿಗೆ ಅಳುವಡಿ, ಗುಜರಾತಿಯವರಿಗೆ ಪಾತ್ರಾ. ನಮ್ಮದರಲ್ಲಿ ಅಕ್ಕಿ, ಅವರದರಲ್ಲಿ ಕಡಲೆಹಿಟ್ಟು, ಹುಣಿಸೆಹುಳಿ ಮೂವರದರಲ್ಲಿಯೂ. ಹುಳಿಯಿಲ್ಲದಿದ್ದರೆ ಕೆಸು ಗಂಟಲು ತುರಿಸುತ್ತದೆಂಬುದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಆ ಎಲೆಯಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿರುವುದು ಅದಕ್ಕೆ ಕಾರಣವೆಂದು ನಾವು ಓದಿ ತಿಳಿದುದು ಎಷ್ಟೋ ವರ್ಷಗಳ ಮೇಲೆ. ಭಾಷೆ ಬಾರದ ಹೊಸ ಸೊಸೆಯಂದಿರು ಒಬ್ಬರೊಬ್ಬರ ಮನೆಯ ಹೊಸ್ತಿಲು ದಾಟಿದುದು ಇಂಥ ಒಂದು ಎಲೆಯ, ಒಂದು ಕಡ್ಡಿಯ ನೆಪದಿಂದ.

ಕೆಲವು ಸಲ ಸರಕಾರವೂ ಈ ಡಬ್ಬಗಳ ಕಡೆಗೆ ನೋಡಿದುದುಂಟು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. 1943ರಲ್ಲಿ ಮುಂಬಯಿಯಲ್ಲಿ ಪಡಿತರ ಜಾರಿಗೆ ಬಂತು. ಹೆಚ್ಚು ಆಹಾರ ಬೆಳೆಯಿರೆಂಬ ಚಳವಳಿ ಆ ದಿನಗಳಲ್ಲಿ ಮೊದಲಾಗಿ ಸ್ವಾತಂತ್ರ್ಯದ ಬಳಿಕವೂ ಮುಂದುವರಿಯಿತು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನತೆಯನ್ನು ಕೇಳಿಕೊಂಡರು, ತಮ್ಮ ಮನೆಯ ಹುಲ್ಲುಹಾಸನ್ನೇ ಉತ್ತರು. ಡಬ್ಬದಲ್ಲಿ ಬೆಳೆದ ಮೆಂತ್ಯದಿಂದ ದೇಶದ ಹಸಿವು ಹಿಂಗಿತೆಂದು ಯಾರೂ ಹೇಳಲಾರರು. ಆದರೆ ಎರಡು ಹಿಡಿ ಸೊಪ್ಪು ಮನೆಯಲ್ಲೇ ಆದ ದಿನ ಪಡಿತರದ ಗೋಧಿಯ ರೊಟ್ಟಿಯೂ ಗಂಟಲಿಗೆ ಸಲೀಸಾಗಿ ಇಳಿಯಿತೆಂಬುದು ನಮ್ಮ ಹಿರಿಯರ ಅನುಭವ.

ಹೊರದೇಶಗಳಲ್ಲಿಯೂ ಹೀಗೆಯೇ. ಅದೇ ಯುದ್ಧಕಾಲದಲ್ಲಿ ಇಂಗ್ಲೆಂಡಿನವರು ಹೂದೋಟಗಳನ್ನು ಅಗೆದು ಆಲೂಗಡ್ಡೆ ಹಾಕಿದರು, ಅಮೆರಿಕದಲ್ಲಿ ಅಧ್ಯಕ್ಷರ ಭವನದ ಅಂಗಳದಲ್ಲಿಯೇ ತರಕಾರಿ ಬೆಳೆಯಿತು. ಹೊಟ್ಟೆ ತುಂಬಿದ ಮೇಲೆ ಅದು ವಿನೋದವಾಯಿತು. ನ್ಯೂಯಾರ್ಕಿನಂಥ ನಗರಗಳ ಮಾಳಿಗೆ ಮನೆಗಳಲ್ಲಿ ಬೆಣ್ಣೆಹಣ್ಣಿನ ಬೀಜಕ್ಕೆ ಕಡ್ಡಿ ಚುಚ್ಚಿ ಗಾಜಿನ ಲೋಟದ ನೀರಿನ ಮೇಲೆ ಕೂರಿಸಿ ಗಿಡ ಮಾಡುವುದು ಒಂದು ಹವ್ಯಾಸವೇ ಆಯಿತು. ಊಟದ ಮೇಲೆ ಉಳಿದ ಬೀಜಗಳಿಂದ ಮನೆಗಿಡ ಬೆಳೆಸುವುದನ್ನು ಕುರಿತು ರಿಚರ್ಡ್ ಲ್ಯಾಂಗರ್ ಎಂಬವರು 1969ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ತಾಯಂದಿರು ಪುಸ್ತಕ ಬರೆಯಲಿಲ್ಲ. ಅವರು ಬರೆಯದೆ ಹೋದುದನ್ನು ನಾವು ಇಲ್ಲಿ ಒಂದಿಷ್ಟು ಬರೆದಿಡುತ್ತೇವೆ. ಹೊಸ ಸಂಸಾರಗಳಿಗೆ ಉಪಯೋಗವಾದೀತು.

ಎಲ್ಲ ಉಳಿಕೆಯೂ ಗಿಡವಾಗದು, ಕಣ್ಣು ಅಥವಾ ಗಿಣ್ಣು ಇದ್ದುದು ಮಾತ್ರ ಆಗುತ್ತದೆ. ಬಸಳೆ, ಪುದೀನ, ದೊಡ್ಡಪತ್ರೆಗಳ ಕಾಂಡದಲ್ಲಿ ಗಿಣ್ಣುಗಳಿವೆ. ಗೇಣುದ್ದದ ಬಲಿತ ದಂಟನ್ನು ಎರಡು ಗಿಣ್ಣು ಮಣ್ಣಿನೊಳಗಿರುವಂತೆ ನೆಟ್ಟು ಕೆಳಗಿನ ಎಲೆಗಳನ್ನು ತೆಗೆದರೆ ಹತ್ತು ಹದಿನೈದು ದಿನಗಳಲ್ಲಿ ಬೇರು ಬಿಡುತ್ತದೆ. ಚಿಗುರಿನಲ್ಲಿ ಹುಟ್ಟಿ ಕೆಳಗಿಳಿಯುವ ಒಂದು ರಸ ಹೀಗೆ ಬೇರೊಡೆಸುತ್ತದೆ. ಡಚ್ ವಿಜ್ಞಾನಿ ವೆಂಟ್ 1928ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಅಂಥ ಬೆಳವಣಿಗೆಯ ರಸವೊಂದು ಉಂಟೆಂಬುದು ಲೋಕಕ್ಕೆ ಸ್ಪಷ್ಟವಾಯಿತು. ಕಡ್ಡಿಯನ್ನು ತಲೆಕೆಳಗಾಗಿ ನೆಡಬೇಡಿರೆಂದು ಅಜ್ಜಿ ಗದರಿಸುತ್ತಿದ್ದುದರಲ್ಲಿ ಅರ್ಥವಿತ್ತು.

ಶುಂಠಿ, ಅರಿಶಿನ, ಕೆಸು, ಆಲೂಗಡ್ಡೆಗಳು ಬೇರಿನಂತೆ ಕಂಡರೂ ನಿಜವಾಗಿ ನೆಲದೊಳಗಿನ ಕಾಂಡಗಳು. ಆದುದರಿಂದಲೇ ಅವುಗಳಿಗೆ ಕಣ್ಣುಂಟು. ಶುಂಠಿ ಅರಿಶಿನಗಳನ್ನು ಮಳೆಗಾಲಕ್ಕೆ ಮುಂಚೆ, ವೈಶಾಖ ಜ್ಯೇಷ್ಠಗಳಲ್ಲಿ, ಕಣ್ಣು ಮೇಲಾಗಿ ಎರಡು ಬೆರಳು ಆಳಕ್ಕೆ ಹೂಳಬೇಕು. ಗಡ್ಡೆ ಬಲಿಯಲು ಎಂಟೊಂಬತ್ತು ತಿಂಗಳು ಬೇಕು. ಆದರೆ ಅರಿಶಿನದ ಎಲೆ ನಾಗರಪಂಚಮಿಯ ಕಡುಬಿಗೆ ಒದಗಿಬರುತ್ತದೆ. ಪೇಟೆಯಲ್ಲಿ ಆ ಎಲೆಗೆ ಕೈಯೊಡ್ಡಬೇಕಾದ ಮುಂಬಯಿಯಲ್ಲಿ ಇದು ಸಣ್ಣ ಭಾಗ್ಯವಲ್ಲ. ಗೆಣಸು ಮಾತ್ರ ನಿಜವಾದ ಬೇರು. ಆದರೂ ಅದನ್ನು ಅರ್ಧ ಮುಳುಗುವಂತೆ ನೀರಿನಲ್ಲಿ ನಿಲ್ಲಿಸಿದರೆ ಹೃದಯದಾಕಾರದ ಎಲೆಗಳ ಬಳ್ಳಿ ಕಿಟಕಿಯ ತುಂಬ ಇಳಿದು ದುಡ್ಡು ಕೊಟ್ಟು ತಂದ ಅಲಂಕಾರದ ಗಿಡವನ್ನು ನಾಚಿಸುತ್ತದೆ. ಗೆಣಸಿನ ಚಿಗುರನ್ನು ಪಲ್ಯ ಮಾಡಿ ತಿನ್ನಬಹುದು. ಆಲೂಗಡ್ಡೆಯ ಎಲೆಯನ್ನೂ ಬೆಳಕಿಗೆ ಹಸಿರಾದ ಗಡ್ಡೆಯನ್ನೂ ತಿನ್ನಕೂಡದು, ಅದರಲ್ಲಿ ವಿಷಾಂಶವಿದೆ. ಮಕ್ಕಳಿಗೆ ಈ ಭೇದವನ್ನು ಮೊದಲೇ ಹೇಳಿಡಬೇಕು.

ಬೀಜಗಳಲ್ಲಿ ಎಲ್ಲಕ್ಕಿಂತ ಉದಾರಿ ಸಾಸಿವೆ ಡಬ್ಬಿಯ ನೆರೆಯಲ್ಲೇ ಇರುವ ಮೆಂತ್ಯ. ರಾತ್ರಿ ನೆನೆಹಾಕಿ ಬೆಳಿಗ್ಗೆ ಮಣ್ಣಿಗೆ ಚೆಲ್ಲಿದರೆ ಮೂರು ನಾಲ್ಕು ದಿನಗಳಲ್ಲಿ ತಲೆಯೆತ್ತುತ್ತದೆ. ಕೊತ್ತಂಬರಿಯ ಕಾಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು, ಅದಕ್ಕೆ ಹತ್ತು ಹನ್ನೆರಡು ದಿನಗಳ ತಾಳ್ಮೆ ಬೇಕು. ಟೊಮೆಟೊ ಮೆಣಸಿನಕಾಯಿಗಳು ಸುಲಭವಾಗಿ ಹುಟ್ಟುತ್ತವೆ. ಆದರೆ ಇಂದು ಪೇಟೆಗೆ ಬರುವುವು ಹೆಚ್ಚಾಗಿ ಸಂಕರ ತಳಿಗಳಾದುದರಿಂದ ಮಗು ತಾಯಿಯಂತೆಯೇ ಇದ್ದೀತೆಂಬ ಭರವಸೆಯಿಲ್ಲ. ಮಾವಿನ ಗೊರಟನ್ನು ಹಣ್ಣು ತಿಂದ ವಾರದೊಳಗೇ ನೆಡಬೇಕು, ಒಣಗಿದರೆ ಅದರ ಜೀವ ಹೋಗುತ್ತದೆ. ಆಪೂಸಿನ ಗೊರಟಿನಿಂದ ಆಪೂಸೇ ಬರದು, ಡಬ್ಬದಲ್ಲಿ ಹಣ್ಣು ಬಿಡುವ ಮಾತು ದೂರ. ಆದರೆ ಅದರ ತಾಮ್ರವರ್ಣದ ಎಳೆಯ ಎಲೆಯನ್ನು ನೋಡುವುದೇ ಒಂದು ಹಬ್ಬ. ಅನಾನಸಿನ ಜುಟ್ಟನ್ನು ತಿರುಚಿ ತೆಗೆದು, ಎರಡು ದಿನ ಆರಲು ಬಿಟ್ಟು ನೆಟ್ಟರೆ ಅದೂ ಬೇರು ಬಿಡುತ್ತದೆ. ಕ್ಯಾರೆಟ್ಟಿನ ತಲೆಯನ್ನು ನೀರಿನಲ್ಲಿಟ್ಟರೆ ಸೊಪ್ಪು ಮಾತ್ರ ಬಂದೀತು, ಹೊಸ ಕ್ಯಾರೆಟ್ ಬರದು. ಮಕ್ಕಳಿಗೆ ಸುಳ್ಳು ಆಸೆ ತೋರಿಸಬಾರದು.

ಎರಡು ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ, ಬಳ್ಳಿಯಿಟ್ಟ ಬಾಟಲಿಯಲ್ಲಿ ನಿಂತ ನೀರು ಮಲೇರಿಯಾ ಡೆಂಗ್ಯೂ ಸೊಳ್ಳೆಗಳಿಗೆ ತೊಟ್ಟಿಲು. ನಗರಪಾಲಿಕೆಯವರು ಮಳೆಗಾಲದಲ್ಲಿ ಮನೆಮನೆಗೆ ಬಂದು ಇವನ್ನೇ ತಪಾಸಣೆ ಮಾಡುತ್ತಾರೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಆದುದರಿಂದ ಮೂರು ದಿನಗಳಿಗೊಮ್ಮೆ ನೀರು ಚೆಲ್ಲಿ, ಪಾತ್ರೆಯನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಬೇಕು. ಎರಡನೆಯದು, ಮೇಲಿನ ಮನೆಯ ಕುಂಡದ ಕೆಸರು ಕೆಳಗಿನ ಮನೆಯ ಒಗೆದ ಬಟ್ಟೆಯ ಮೇಲೆ ತೊಟ್ಟಿಕ್ಕಬಾರದು. ಗಿಡದಿಂದ ಹುಟ್ಟಿದ ಸ್ನೇಹಗಳಷ್ಟೇ ಜಗಳಗಳನ್ನೂ ನಮ್ಮ ಚಾಳು ಕಂಡಿದೆ.

ಅಡಿಗೆಮನೆಯ ಉಳಿಕೆಯನ್ನು ಮಣ್ಣಿಗೆ ಕೊಡದಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ಘಾಟ್ಕೋಪರಿನವರು ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. 1927ರಿಂದ ಮುಂಬಯಿಯ ಕಸ ಬಂದು ಬೀಳತೊಡಗಿದ ದೇವನಾರದ ಗುಡ್ಡೆ ನಮಗೆ ಸಮೀಪದಲ್ಲೇ ಇದೆ. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಹತ್ತಿ ದಿನಗಟ್ಟಲೆ ಹೊಗೆ ಕವಿದಾಗ ಅದರ ಸುತ್ತಲಿನ ಬಸ್ತಿಗಳ ಮಕ್ಕಳು ಮುದುಕರು ಕೆಮ್ಮಿದುದನ್ನು ಮರೆಯಲಾದೀತೆ? ಬೇರೆ ದಾರಿಯನ್ನೂ ಈ ನಗರವೇ ತೋರಿಸಿದೆ. ಕೊಲ್ಹಾಪುರದ ಕಡೆಯ ಗಣಿತದ ಅಧ್ಯಾಪಕರಾದ ಶ್ರೀಪಾದ ದಾಭೋಳ್ಕರರು ಮನೆಯ ಎಲೆ ಸಿಪ್ಪೆಗಳಿಂದಲೇ ಫಲವತ್ತಾದ ಮಣ್ಣು ಮಾಡಿ ಮಾಳಿಗೆಯ ಮೇಲೆ ಬೆಳೆ ತೆಗೆಯುವ ಕ್ರಮವನ್ನು ಪ್ರಚಾರಪಡಿಸಿದರು. ಅವರ ವಿಚಾರದಿಂದ ಸ್ಫೂರ್ತಿ ಪಡೆದ ಪ್ರೀತಿ ಪಾಟೀಲ್ ಎಂಬ ಮಹಿಳೆ, ಮುಂಬಯಿ ಬಂದರಿನ ನೌಕರರಿಗೆ ಅಡಿಗೆ ಮಾಡುವ ಕೇಂದ್ರ ಅಡಿಗೆಮನೆಯ ಅಧಿಕಾರಿಯಾಗಿದ್ದು, 2002ರಲ್ಲಿ ಆ ಅಡಿಗೆಮನೆಯ ಮೇಲ್ಛಾವಣಿಯಲ್ಲಿಯೇ ಅಲ್ಲಿನ ಸಿಪ್ಪೆಗಳ ಗೊಬ್ಬರದಿಂದ ತೋಟವೆಬ್ಬಿಸಿದರು. ಬೆಂಗಳೂರಿನಲ್ಲಿ ಮಾಳಿಗೆ ತೋಟಗಾರರು 2011ರಿಂದ ತಮ್ಮದೇ ಮೇಳಗಳನ್ನು ನಡೆಸತೊಡಗಿದರು. ನಮ್ಮ ಅಜ್ಜಿಯಂದಿರು ಡಾಲ್ಡಾ ಡಬ್ಬದಲ್ಲಿ ಮಾಡಿದುದನ್ನೇ ವಿದ್ಯಾವಂತರು ಈಗ ಶಾಸ್ತ್ರೋಕ್ತವಾಗಿ ಮಾಡುತ್ತಿದ್ದಾರೆ. ಸಂತೋಷ.

ಆದರೆ ಅಜ್ಜಿಯಂದಿರ ಗ್ಯಾಲರಿಗಳು ಹೋಗುತ್ತಿವೆ. ಹಳೆಯ ಚಾಳುಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುತ್ತಿರುವ ಕಾಲವಿದು. 2014ರಲ್ಲಿ ಮೆಟ್ರೋ ರೈಲು ಘಾಟ್ಕೋಪರಿಗೆ ಬಂದ ಮೇಲೆ ಈ ಓಟ ಇನ್ನೂ ಬಿರುಸಾಗಿದೆ. ನಮ್ಮ ಕಟ್ಟಡದ ಸರದಿಯೂ ಬಂತು. ತಾತ್ಕಾಲಿಕವಾಗಿ ಸಿಕ್ಕಿದ ಖೋಲಿಗೆ ಬಿಸಿಲೂ ಇರಲಿಲ್ಲ, ಕುಂಡವಿಡಲು ಜಾಗವೂ ಇರಲಿಲ್ಲ. ತುಳಸಿಯೊಂದನ್ನು ಮಾತ್ರ ಎತ್ತಿಕೊಂಡೆವು. ನಲವತ್ತು ವರ್ಷಗಳ ಹಿಂದೆ ಉಡುಪಿಯ ಕಡೆಯಿಂದ ಒದ್ದೆ ಬಟ್ಟೆಯಲ್ಲಿ ಬಂದ ಬಸಳೆಯನ್ನು, ಸಾಮಾನು ಸಾಗಿಸುವ ದಿನ ಬೆಳಿಗ್ಗೆ, ನಮ್ಮ ತಾಯಿ ತಾವೇ ಕತ್ತರಿಸಿ, ಗೇಣುಗೇಣಿನ ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ, ಬಂದವರಿಗೆಲ್ಲ ಹಂಚಿದರು. "ಇದನ್ನು ಸಾಯಗೊಡಬೇಡಿರಮ್ಮ" ಎಂದಷ್ಟೇ ಹೇಳಿದರು. ಅವರ ಕಣ್ಣಿನಲ್ಲಿ ನೀರಿತ್ತೆಂದು ನಮ್ಮ ನೆನಪು.

ನಾಲ್ಕು ವರ್ಷಗಳ ಮೇಲೆ ಹನ್ನೊಂದನೆಯ ಮಾಳಿಗೆಯ ಹೊಸ ಮನೆಗೆ ನಾವು ಹೋದಾಗ ತಾಯಿ ಇರಲಿಲ್ಲ. ಬಸಳೆಯನ್ನು ಕೊಂಡುಹೋಗಿದ್ದವರನ್ನು ಒಬ್ಬೊಬ್ಬರಾಗಿ ವಿಚಾರಿಸಿದೆವು. ಒಬ್ಬರ ಮನೆಯಲ್ಲಿ ನೀರಿಲ್ಲದೆ ಒಣಗಿತ್ತು, ಇನ್ನೊಬ್ಬರು ಊರಿಗೇ ಹೋಗಿಬಿಟ್ಟಿದ್ದರು, ಮತ್ತೊಬ್ಬರಿಗೆ ಆ ವಿಷಯವೇ ನೆನಪಿರಲಿಲ್ಲ. ಕೊನೆಗೆ ಅಸಲ್ಫಾದ ಗುಡ್ಡದ ಮೇಲೆ, ಹಿಂದೆ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಮರಾಠಿ ಬಾಯಿಯ ಮನೆಯ ತಗಡಿನ ಮಾಡಿನ ತುಂಬ ಅದು ಹಬ್ಬಿ ನಿಂತಿತ್ತು. "ನಿಮ್ಮ ಆಯಿಯ ಮಾಯಾಳು" ಎಂದು ನಗುತ್ತ ಆಕೆ ಕೈಚೀಲ ತುಂಬ ದಂಟು ಕೊಯ್ದುಕೊಟ್ಟರು. ಸಸ್ಯಶಾಸ್ತ್ರ ಬಲ್ಲವರು ಹೇಳುವಂತೆ ಕಡ್ಡಿಯಿಂದ ಬೆಳೆದ ಬಳ್ಳಿ ತಾಯಿಬಳ್ಳಿಯ ಮಗಳೂ ಅಲ್ಲ, ಮೊಮ್ಮಗಳೂ ಅಲ್ಲ, ಅದೇ ಬಳ್ಳಿ. ಹಾಗಾದರೆ ಇಂದು ನಮ್ಮ ಕಿಟಕಿಯಲ್ಲಿರುವುದು ತಾಯಿ ಗಂಟಿನಲ್ಲಿ ತಂದ ಬಸಳೆಯೇ. ಇಟ್ಟುಕೊಂಡಿದ್ದರೆ ಅದು ಆ ಕತ್ತಲೆಯ ಖೋಲಿಯಲ್ಲಿ 'ನಮ್ಮದಾಗಿ' ಸಾಯುತ್ತಿತ್ತು. ಕೊಟ್ಟುದರಿಂದ ಉಳಿಯಿತು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಮೊನ್ನೆ ನಮ್ಮ ಮೊಮ್ಮಗಳು ಕಿಟಕಿಯ ಆ ಬಳ್ಳಿಯ ಚಿತ್ರ ತೆಗೆದು ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದಳು. ಹೆಸರು ತಪ್ಪಲ್ಲ. ಆದರೆ "ಬಸಳೆ" ಎಂದಾಗ ಅವಳು ನಮ್ಮ ಮುಖವನ್ನು ನೋಡಿದಳು. ಬಳ್ಳಿ ಉಳಿದಿತ್ತು, ಹೆಸರು ಒಣಗಿತ್ತು. ತಪ್ಪು ಮಗುವಿನದಲ್ಲ, ಸೊಪ್ಪು ಬಿಡಿಸಲು ನಾವು ಅವಳನ್ನು ಎಂದೂ ಪಕ್ಕದಲ್ಲಿ ಕೂರಿಸಿಕೊಂಡಿರಲಿಲ್ಲ. ಅಂದು ಸಂಜೆ ಕೂರಿಸಿಕೊಂಡೆವು. ದಂಟು ನೆಡುವ ಹೊತ್ತಿಗೆ ಅವಳಿಗೆ ಗಿಣ್ಣು, ಚಿಗುರು, ಕುಡಿ, ಅಕ್ಕಚ್ಚು ಎಂಬ ನಾಲ್ಕು ಮಾತುಗಳು ಬಂದವು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸುವುದು ಹೇಗೆಂದು ನಮ್ಮ ಸಭೆಗಳಲ್ಲಿ ಪ್ರತಿ ವರ್ಷ ಭಾಷಣಗಳಾಗುತ್ತವೆ. ಭಾಷಣ ನಡೆಯಲಿ. ಅದರ ಜತೆಗೆ ಒಂದು ಡಬ್ಬ ಮಣ್ಣೂ ಇರಲಿ.

ಆದುದರಿಂದ ಬಂಧುಗಳಲ್ಲಿ ನಮ್ಮದೊಂದು ಸಣ್ಣ ಬಿನ್ನಹ. ಬರುವ ರಾಜ್ಯೋತ್ಸವಕ್ಕೆ ಬರುವಾಗ ಮನೆಯ ಡಬ್ಬದಿಂದ ಒಂದು ಕಡ್ಡಿಯನ್ನೋ ಗಡ್ಡೆಯನ್ನೋ ಹಿಡಿ ಬೀಜವನ್ನೋ ಕಾಗದದಲ್ಲಿ ಸುತ್ತಿ, ಮೇಲೆ ಅದರ ಹೆಸರನ್ನು ಕನ್ನಡದಲ್ಲಿ ಮಕ್ಕಳ ಕೈಯಿಂದಲೇ ಬರೆಯಿಸಿ ತನ್ನಿರಿ. ಊರಿನಲ್ಲಿ ಏನೆಂದು ಕರೆಯುತ್ತಿದ್ದರೋ ಅದನ್ನೇ ಬರೆಯಿಸಿರಿ. ಒಂದೇ ಗಿಡಕ್ಕೆ ಧಾರವಾಡದವರದೊಂದು, ಮಂಗಳೂರಿನವರದೊಂದು, ಮೈಸೂರಿನವರದೊಂದು ಹೆಸರಾದರೆ ಬಹಳ ಒಳ್ಳೆಯದಾಯಿತು. ಬಾಗಿಲಲ್ಲಿ ಒಂದು ಮೇಜನ್ನು ಹಾಕಿಸಿ ನಾವು ಕಾದಿರುತ್ತೇವೆ. ತಂದವರು ಇಟ್ಟುಹೋಗಲಿ, ಬೇಕಾದವರು ಕೊಂಡುಹೋಗಲಿ. ನಮ್ಮ ಪಾಲಿನ ಬಸಳೆ ಆಗಲೇ ಹಗ್ಗ ಹಿಡಿದು ಹನ್ನೊಂದನೆಯ ಮಾಳಿಗೆಯ ಸರಳುಗಳನ್ನು ಏರುತ್ತಿದೆ.